ಕಾಣ್ತಿಲ್ಲ, ಹೋಯ್ತು

“ಡಿ ಡ್ರೈವೇ ಕಾಣ್ತಿಲ್ಲ. ಎಲ್ಲಾ ಹೋಯ್ತು.”

ನಿವೃತ್ತ ಮೇಷ್ಟ್ರೊಬ್ಬರು ಮೊನ್ನೆ ಫೋನಿನಲ್ಲಿ ಆಡಿದ ಈ ಮಾತು ವಾರವಿಡೀ ಕಿವಿಯಲ್ಲಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅವರ ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹೊಂದಲಿಲ್ಲ. ಅಂಗಡಿಯವನು ಸಿ ಡ್ರೈವ್ ಅಳಿಸಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಟ್ಟ. ಅಲ್ಲಿಯವರೆಗೆ ಸರಿ. ಡಿ ಎಲ್ಲಪ್ಪ ಅಂತ ಕೇಳಿದರೆ, “ಇದ್ರಲ್ಲಿ ಅದು ಬರಲ್ಲ ಸಾರ್, ಫಾರ್ಮ್ಯಾಟ್ ಮಾಡ್ಬಿಡೋಣ” ಅಂದನಂತೆ. ಇಷ್ಟು ವರ್ಷದ ಪಾಠದ ಟಿಪ್ಪಣಿ ಇರುವ ಡಿಸ್ಕಿನ ಬಗ್ಗೆ ಹೀಗೆ ಹೇಳುವುದು ಬೇಜವಾಬ್ದಾರಿ. ‘ಕಾಣ್ತಿಲ್ಲ’ ಎಂಬುದಕ್ಕೂ ‘ಹೋಯ್ತು’ ಎಂಬುದಕ್ಕೂ ನಡುವೆ ಇರುವುದು ಎಲ್ಲ ಅಳಿಸಿಹಾಕುವ ಆ ಫಾರ್ಮ್ಯಾಟ್ ಒಂದೇ.

ಡಿ ಎಂಬ ಅಕ್ಷರವನ್ನು ಡಿಸ್ಕಿಗೆ ಕೊಟ್ಟದ್ದು ವಿಂಡೋಸ್, ಅದನ್ನು ಬರೆದಿಟ್ಟುಕೊಂಡದ್ದು ತನ್ನ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ. ವಿಂಡೋಸ್ ಅಳಿದಾಗ ಅಕ್ಷರವೂ ಅಳಿಯಿತು, ಪಾರ್ಟಿಶನ್, ಅಂದರೆ ಡಿಸ್ಕಿನ ಆ ಭಾಗ, ಇದ್ದಲ್ಲೇ ಇದೆ. ಆಜ್ಞೆ ಟೈಪಿಸುವ ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಎಂದು ಕೊಟ್ಟರೆ ಪಾರ್ಟಿಶನ್‌ಗಳ ಗಾತ್ರ ಕಾಣುತ್ತದೆ. ಅದಕ್ಕೇ -ಎಫ್ ಸೇರಿಸಿದರೆ ಯಾವುದು ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಕಡತ ಜೋಡಿಸಿಡುವ ವಿಧಾನದ್ದು, ಎಂಬುದು ಕಾಣುತ್ತದೆ. ಮೇಷ್ಟ್ರ ಡಿ ಸಿಕ್ಕಿದ್ದು ಎಸ್‌ಡಿಎ3 ಎಂಬ ಹೆಸರಲ್ಲಿ. ಅಲ್ಲಿ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಎಂದು ಬಂದಿದ್ದರೆ ಮಾತೇ ಬೇರೆ. 48 ಅಂಕಿಯ ರಿಕವರಿ ಕೀಯನ್ನೋ ಹಳೇ ಪಾಸ್‌ವರ್ಡನ್ನೋ ಹುಡುಕಬೇಕಿತ್ತು.

ಕ್ಲಿಕ್ ಮಾಡಿದರೂ ತೆರೆಯದೆ ‘ಬ್ಯಾಡ್ ಸೂಪರ್‌ಬ್ಲಾಕ್’ ಎಂಬ ದೋಷಸೂಚನೆ ಕೊಟ್ಟದ್ದೇ ಅವರನ್ನು ಹೆದರಿಸಿದ್ದು. ಇದಕ್ಕೆ ಸಾಮಾನ್ಯ ಕಾರಣ ಫಾಸ್ಟ್ ಸ್ಟಾರ್ಟಪ್ ಎಂಬ, ಬೇಗ ಶುರುವಾಗಲು ವಿಂಡೋಸ್ ಮಾಡಿಕೊಂಡ ಏರ್ಪಾಡು. ವಿಂಡೋಸ್ 8ರಿಂದ ಈಚೆಗೆ ಶಟ್ ಡೌನ್ ಎಂದರೆ ಸಾಮಾನ್ಯವಾಗಿ ಅರ್ಧ ಹೈಬರ್ನೇಟ್, ಅಂದರೆ ಪೂರ್ತಿ ಆರದೆ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಮಲಗುವುದು. ಪಾರ್ಟಿಶನ್ ಪೂರ್ತಿ ಮುಚ್ಚಿರುವುದಿಲ್ಲ, ‘ಡರ್ಟಿ’ ಗುರುತು ಉಳಿದಿರುತ್ತದೆ. 2021ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್‌ನ 5.15ನೇ ಆವೃತ್ತಿಗೆ ಸೇರಿದ, ಇಂಥ ಪಾರ್ಟಿಶನ್ ಓದುವ ಎನ್‌ಟಿಎಫ್‌ಎಸ್3 ಡ್ರೈವರ್ ಅಂಥದ್ದನ್ನು ತೆರೆಯಲು ಒಪ್ಪುವುದಿಲ್ಲ. ವಿಂಡೋಸ್ ಇನ್ನೂ ಇದ್ದರೆ ಅದಕ್ಕೇ ಹೋಗಿ ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿ, ಶಿಫ್ಟ್ ಒತ್ತಿಹಿಡಿದು ಪೂರ್ತಿ ಶಟ್ ಡೌನ್ ಮಾಡುವುದು ಉತ್ತಮ. ಇಲ್ಲಿ ಆ ದಾರಿ ಇರಲಿಲ್ಲ.

ಆಗ ಮೊದಲ ಕೆಲಸ ಓದಲು ಮಾತ್ರ ತೆರೆಯುವುದು: ಹಳೇ ಎನ್‌ಟಿಎಫ್‌ಎಸ್-3ಜಿ ಡ್ರೈವರ್‌ನಿಂದ, ಆರ್‌ಓ (ರೀಡ್ ಓನ್ಲಿ) ಆಯ್ಕೆ ಕೊಟ್ಟು ಮೌಂಟ್ ಮಾಡಬೇಕು. ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲಿಸಿಕೊಂಡ ಮೇಲೆಯೇ ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ ಎಂಬ ಆಜ್ಞೆ. ಬಹಳ ಜನ ಇದನ್ನು ಮೊದಲೇ ಮಾಡುತ್ತಾರೆ, ತಪ್ಪು. ಅದು ಕೆಲವು ಸಣ್ಣ ದೋಷ ಸರಿಪಡಿಸಿ ‘ಡರ್ಟಿ’ ಗುರುತು ಅಳಿಸುತ್ತದೆ ಅಷ್ಟೆ, ಚೆಕ್‌ಡಿಸ್ಕಿನ ಕೆಲಸ ಮಾಡುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ‘ಪೆಂಡಿಂಗ್ ಸೆಕ್ಟರ್’ (ಓದಲು ತೊಡಕಾದ ತುಣುಕು) ಸೊನ್ನೆ ಬಿಟ್ಟು ಬೇರೇನಿದ್ದರೂ ಮೌಂಟ್ ಕೂಡ ಬೇಡ, ಮೊದಲು ಡಿಡಿರೆಸ್ಕ್ಯೂ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿ ತೆಗೆಯಿರಿ. ಪ್ರತಿ ಸಲ ತಾನಾಗಿ ತೆರೆಯಲು ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯ ಕಡತದಲ್ಲಿ ಪಾರ್ಟಿಶನ್ನಿನ ಗುರುತು ಸಂಖ್ಯೆಯಾದ ಯುಯುಐಡಿ ಬರೆದು ಜೊತೆಗೆ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಕೈಕೊಟ್ಟ ದಿನ ಕಂಪ್ಯೂಟರೇ ಮೇಲೇಳದು.

ಟಿಪ್ಪಣಿಗಳು ಬಂದವು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಚುಕ್ಕಿ, ಗೆರೆ. “ಅಕ್ಷರವೇ ಹೋಯ್ತಲ್ಲ!”

ಮತ್ತೆ ಅದೇ ಮಾತು. ಹೋಗಿದ್ದು ಫಾಂಟ್. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೇ ಆವೃತ್ತಿಗಳಲ್ಲಿ ಟೈಪಿಸಿದ್ದು ಯೂನಿಕೋಡ್ ಅಲ್ಲ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಪದ್ಧತಿಯಲ್ಲ. ಇಂಗ್ಲಿಷಿನ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟುಗಳವು, ಮತ್ತು ಅವು ಇದ್ದದ್ದು ಸಿ ಡ್ರೈವಿನಲ್ಲಿ. ಕನ್ನಡದ ಎಷ್ಟೋ ಪ್ರಬಂಧ, ಪಾಠ, ಪತ್ರಗಳು ಇವತ್ತಿಗೂ ಹೀಗೇ ಒಂದು ಫಾಂಟಿನ ಹಂಗಿನಲ್ಲಿವೆ, ಮಾಡಿದವರಿಗೇ ಅದು ಗೊತ್ತಿಲ್ಲ. ಗೊತ್ತಿರುವವರು ಹೇಳುವುದೂ ಇಲ್ಲ ಎಂಬುದು ನೋವಿನ ಸಂಗತಿ.

ಅದೇ ಫಾಂಟಿನ ಟಿಟಿಎಫ್ ಕಡತವನ್ನು ಹೋಮ್ ಫೋಲ್ಡರಿನ ಡಾಟ್‌ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿಟ್ಟು, ಫಾಂಟ್ ಪಟ್ಟಿ ಹೊಸದಾಗಿಸುವ ಎಫ್‌ಸಿ-ಕ್ಯಾಶ್ ಓಡಿಸಿದರೆ ಓದಲು ಬರುತ್ತದೆ. ಯೂನಿಕೋಡಿಗೆ ಪರಿವರ್ತಿಸುವುದಾದರೆ ನಡುನಡುವೆ ಇರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು. ಮೇಷ್ಟ್ರು ಮೊದಲು ಹತ್ತು ಪುಟ ಮಾಡಿ ನೋಡುತ್ತಿದ್ದಾರೆ, ಮೂಲ ಕಡತ ಮುಟ್ಟದೆ.