ಕೆಂಪು ಶಾಯಿಯ ಆರು ದಿನ

"ಒಂದೇ ಪುಟ ಬರೆದುಕೊಂಡು ಬನ್ನಿ. ಅದರಲ್ಲಿ ಒಂದು ಕಲಂ ಸಂಖ್ಯೆಯೂ ಇರಬಾರದು. ಆ ಮನುಷ್ಯನಿಗೆ ಏನಾಯಿತು ಎಂಬುದಷ್ಟೇ ಇರಲಿ."

ಕಳೆದ ನವೆಂಬರಿನಲ್ಲಿ ಫೋನಿನಲ್ಲಿ ಬಂದ ಈ ಮಾತು ನನ್ನ ಇಂಟರ್ನ್‌ಶಿಪ್ಪಿನ ಮೊದಲ ಪಾಠವಾಯಿತು. ನಾನು ಧಾರವಾಡದಲ್ಲಿ ಐದು ವರ್ಷದ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಫೋನಿನ ಆ ಕಡೆ ಇದ್ದವರು ಸೇನೆಯ ಕಾನೂನು ಶಾಖೆಯಾದ ಜಡ್ಜ್ ಅಡ್ವೊಕೇಟ್ ಜನರಲ್ ಶಾಖೆಯಲ್ಲಿ ದುಡಿದು ನಿವೃತ್ತರಾದ ಕರ್ನಲ್. ಈಗ ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಾ, ಸೈನಿಕರ ಮತ್ತು ಮಾಜಿ ಸೈನಿಕರ ಪ್ರಕರಣಗಳನ್ನೇ ಹೆಚ್ಚಾಗಿ ನೋಡುತ್ತಾರೆ. ಡಿಸೆಂಬರಿನಲ್ಲಿ ನಾಲ್ಕು ವಾರ ತಮ್ಮ ಕಚೇರಿಯಲ್ಲಿ ಕೆಲಸ ಕಲಿಯಲು ಒಪ್ಪಿಗೆ ಕೊಟ್ಟವರು, ಬರುವ ಮೊದಲು ಒಂದು ತೀರ್ಪನ್ನು ಓದಿಕೊಳ್ಳಲು ಹೇಳಿದ್ದರು: ರಣಜಿತ್ ಠಾಕೂರ್ ವಿರುದ್ಧ ಭಾರತ ಒಕ್ಕೂಟ, 1987.

ಈ ದಾರಿ ಹಿಡಿಯಲು ನನಗೆ ಎರಡು ಕಾರಣಗಳಿದ್ದವು. ಒಂದು, ಬೈಲಹೊಂಗಲದ ಹತ್ತಿರದ ನಮ್ಮ ಅಜ್ಜನ ಮನೆಯ ಪಡಸಾಲೆಯಲ್ಲಿರುವ ಕಪ್ಪು ತಗಡಿನ ಟ್ರಂಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಸೋದರಮಾವನ ಸೇನಾ ಸಂಖ್ಯೆ, ಹುದ್ದೆ, ಹೆಸರು ಬರೆದಿದೆ. ಅಕ್ಷರ ಕಲಿಯುವ ವಯಸ್ಸಿನಲ್ಲಿ ನಾನು ಕೂಡಿಸಿ ಓದಿದ ಮೊದಲ ಇಂಗ್ಲಿಷ್ ಸಾಲು ಅದೇ. ಇನ್ನೊಂದು, 2025ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು. ಸೇನೆಯ ಕಾನೂನು ಶಾಖೆಗೆ ಕರೆದಿದ್ದ ಒಂಬತ್ತು ಹುದ್ದೆಗಳಲ್ಲಿ ಆರು ಗಂಡಸರಿಗೆ, ಮೂರು ಹೆಂಗಸರಿಗೆ ಎಂದು ಹಂಚಿದ್ದನ್ನು ನ್ಯಾಯಾಲಯ ಅಂದು ತಳ್ಳಿಹಾಕಿತು. ಮಹಿಳೆಯರ ಪಟ್ಟಿಯಲ್ಲಿ ನಾಲ್ಕನೆಯವರಾಗಿದ್ದ ಅರ್ಜಿದಾರರು ಆಯ್ಕೆಯಾದ ಕೆಲವು ಪುರುಷರಿಗಿಂತ ಹೆಚ್ಚು ಅಂಕ ಪಡೆದಿದ್ದರು. ಆ ಸುದ್ದಿಯನ್ನು ಹಾಸ್ಟೆಲಿನ ಊಟದ ಸಾಲಿನಲ್ಲಿ ನಿಂತು ಓದಿದೆ. ತಟ್ಟೆ ಹಿಡಿದುಕೊಂಡೇ ಎರಡು ಬಾರಿ ಓದಿದೆ. ಆ ಶಾಖೆಯ ಬಾಗಿಲು ನನ್ನಂಥವಳಿಗೂ ಪೂರ್ತಿ ತೆರೆದಿದೆ ಎಂಬುದು ಅಲ್ಲಿಯವರೆಗೆ ನನ್ನ ಮನಸ್ಸಿಗೆ ಇಳಿದಿರಲಿಲ್ಲ.

ಆದರೆ ತಯಾರಿ ಎಲ್ಲಿಂದ ಶುರು ಮಾಡುವುದು? ನಮ್ಮ ತರಗತಿಗಳಲ್ಲಿ ಸೇನಾ ಕಾನೂನು ಬರುವುದು ಸಂವಿಧಾನದ 33ನೆಯ ವಿಧಿ ಬಂದಾಗ ಮಾತ್ರ. ಶಿಸ್ತು ಮತ್ತು ಕರ್ತವ್ಯಕ್ಕಾಗಿ ಸಂಸತ್ತು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಬಹುದು ಎಂದು ಒಂದು ಮಾತು ಹೇಳಿ ಮುಂದಿನ ವಿಧಿಗೆ ಹೋಗುತ್ತೇವೆ. ಹಾಗಾಗಿ 1950ರ ಸೇನಾ ಕಾಯ್ದೆಯನ್ನೂ 1954ರ ಸೇನಾ ನಿಯಮಗಳನ್ನೂ ನಾನೇ ಕೊಂಡು ತಂದು, ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಕೂತೆ. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನ ಹುದ್ದೆಗಳ ಏಣಿ, ಸೇನೆಯ ಒಳಗಿನ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ನ ನಾಲ್ಕು ಬಗೆ, ಯಾವುದರಲ್ಲಿ ಎಷ್ಟು ಅಧಿಕಾರಿಗಳು ಕೂರಬೇಕು, ತೀರ್ಪನ್ನು ಯಾರು ದೃಢೀಕರಿಸಬೇಕು, ಎಲ್ಲವನ್ನೂ ಬರೆದುಕೊಂಡೆ. ಜನರಲ್ ಕೋರ್ಟ್ ಮಾರ್ಷಲ್‌ಗೆ ಕನಿಷ್ಠ ಐದು, ಡಿಸ್ಟ್ರಿಕ್ಟ್‌ಗೆ ಕನಿಷ್ಠ ಮೂರು ಅಧಿಕಾರಿಗಳು ಬೇಕು. ಸಮ್ಮರಿ ಕೋರ್ಟ್ ಮಾರ್ಷಲ್‌ಗೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಘಟಕದ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಹಾಜರಿರುತ್ತಾರೆ, ಆದರೆ ಅವರಿಗೆ ತೀರ್ಪಿನಲ್ಲಿ ಪಾಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕಿಂತ ಮೇಲಿನ ಹುದ್ದೆಯವರಾದರೆ ಆ ಒಬ್ಬರೇ ಒಂದು ವರ್ಷದವರೆಗೆ ಸೆರೆವಾಸ ಕೊಡಬಲ್ಲರು.

ಗಡಿಯಲ್ಲಿರುವ ಪಡೆಗೆ ಇಂಥ ವೇಗ ಏಕೆ ಬೇಕು ಎಂಬುದು ನನಗೆ ಅರ್ಥವಾಗುತ್ತದೆ. ಬಂಕರಿನಲ್ಲಿ ಹತ್ತು ಜನ ಇರಬೇಕಾದಲ್ಲಿ ಎಂಟೇ ಜನ ಇದ್ದರೆ ಆ ಇಬ್ಬರ ಗೈರುಹಾಜರಿಯ ಭಾರ ಉಳಿದ ಎಂಟು ಜನರ ಮೈಮೇಲೆ ಬೀಳುತ್ತದೆ. ಆದರೂ, ಹೀಗೆ ಶಿಕ್ಷೆಯಾದವನು ಸಾಕ್ಷ್ಯವನ್ನೇ ಮತ್ತೊಮ್ಮೆ ತೂಗಿ ನೋಡಿ ಎಂದು ಮೇಲ್ಮನವಿ ಹಾಕಿಕೊಳ್ಳಲು ಬಹುಕಾಲ ಎಲ್ಲಿಯೂ ಜಾಗವಿರಲಿಲ್ಲ. 1982ರಲ್ಲಿ ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎದ್ದು ಕಾಣುವ ಕೊರತೆ ಎಂದು ಹೇಳಿತು. 2007ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯ್ದೆ ಬಂತು, 2009ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕೆಲಸ ಆರಂಭಿಸಿತು. ಕರ್ನಾಟಕದವರ ಪ್ರಕರಣಗಳು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ಪೀಠದಲ್ಲಿ ನ್ಯಾಯಾಂಗದಿಂದ ಒಬ್ಬರು, ಸೇನಾಪಡೆಗಳಿಂದ ನಿವೃತ್ತರಾದ ಹಿರಿಯ ಅಧಿಕಾರಿ ಒಬ್ಬರು. ಬೇಡಿ ಪ್ರಕರಣದಿಂದ ಲೆಕ್ಕ ಹಾಕಿದರೂ ಇಪ್ಪತ್ತೇಳು ವರ್ಷ! ಒಬ್ಬ ಸಿಪಾಯಿ ಭರ್ತಿಯಾಗಿ, ಸೇವೆ ಮುಗಿಸಿ, ಪಿಂಚಣಿ ಹಿಡಿದು ಊರಿಗೆ ಮರಳುವಷ್ಟು ಕಾಲ.

ರಣಜಿತ್ ಠಾಕೂರ್ ತೀರ್ಪನ್ನು ಮೂರು ಸಲ ಓದಿ ಮೊದಲ ಪುಟ ಬರೆದೆ. ಆತ ಒಬ್ಬ ಸಿಗ್ನಲ್‌ಮನ್, ಸೇನೆಯ ಸಂಪರ್ಕ ದಳದ ಸೈನಿಕ. ತನ್ನ ಮೇಲಧಿಕಾರಿಯಿಂದ ತೊಂದರೆಯಾಗುತ್ತಿದೆ ಎಂದು ಇನ್ನೂ ಮೇಲಿನವರಿಗೆ ನೇರವಾಗಿ ಬರೆದ. ಕ್ರಮ ತಪ್ಪಿ ದೂರು ಕೊಟ್ಟದ್ದಕ್ಕಾಗಿ ಇಪ್ಪತ್ತೆಂಟು ದಿನ ಕಠಿಣ ಸೆರೆ. ಆ ಸೆರೆಯಲ್ಲಿ ಇರುವಾಗಲೇ, 1985ರಲ್ಲಿ, ಊಟ ಮಾಡು ಎಂಬ ಆದೇಶವನ್ನು ಪಾಲಿಸಲಿಲ್ಲ. ಸಮ್ಮರಿ ಕೋರ್ಟ್ ಮಾರ್ಷಲ್ ನಡೆದು ಒಂದು ವರ್ಷ ಕಠಿಣ ಸೆರೆ ಮತ್ತು ಸೇವೆಯಿಂದ ವಜಾ. ಯಾರ ಮೇಲೆ ದೂರಿದ್ದನೋ ಆ ಅಧಿಕಾರಿಯೂ ವಿಚಾರಣೆಯಲ್ಲಿ ಕುಳಿತಿದ್ದರು. ತೀರ್ಪು ಬಂದ 1987ರಲ್ಲೇ ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರು ತೀರ್ಪು ಬರೆದು, ಶಿಕ್ಷೆ ಅಪರಾಧಕ್ಕೂ ಹೊಂದಬೇಕು, ಅಪರಾಧಿಗೂ ಹೊಂದಬೇಕು, ಅದರಲ್ಲಿ ಸೇಡು ಇರಬಾರದು ಎಂದರು. ಶಿಕ್ಷೆ ರದ್ದಾಯಿತು, ಆತನನ್ನು ಮತ್ತೆ ಸೇವೆಗೆ ತೆಗೆದುಕೊಳ್ಳಲು ಆದೇಶವಾಯಿತು.

ಕಲಂ ಸಂಖ್ಯೆ ಒಂದನ್ನೂ ಹಾಕಿರಲಿಲ್ಲ. ಆದರೂ ಕರ್ನಲ್ ಅವರಿಂದ ಬಂದ ಉತ್ತರ ಒಂದೇ ಸಾಲು: "ಸಂಖ್ಯೆಗಳನ್ನು ತೆಗೆದಿದ್ದೀರಿ, ಮನುಷ್ಯನನ್ನು ಇನ್ನೂ ತಂದಿಲ್ಲ."

ಮುಂದಿನ ಭಾನುವಾರ ನಾನೂ ಅವ್ವನೂ ಅಜ್ಜನ ಊರಿಗೆ ಹೋದೆವು. ಮಾಮಾ 1990ರಲ್ಲಿ ಭರ್ತಿಯಾಗಿ, ಹವಾಲ್ದಾರರಾಗಿ 2014ರಲ್ಲಿ ನಿವೃತ್ತರಾದವರು. ಈಗ ಕಡಲೆ, ಜೋಳ, ಎರಡು ಎಮ್ಮೆ. ಮಾತು ಕಡಿಮೆ. ಅವರಿಂದ ಬರೀ ಶಬ್ದಗಳನ್ನು ಕೇಳಿ ತಿಳಿದುಕೊಳ್ಳೋಣ ಎಂದು ಹೋಗಿದ್ದೆ. ಘಟಕದ ಕಾವಲು ಕೋಣೆಯಾದ ಕ್ವಾರ್ಟರ್ ಗಾರ್ಡ್ ನೋಡಲು ಹೇಗಿರುತ್ತದೆ, ಕಮಾಂಡಿಂಗ್ ಆಫೀಸರ್ ಮುಂದೆ ಆರೋಪಿಯನ್ನು ಹೇಗೆ ಕರೆದೊಯ್ಯುತ್ತಾರೆ, ಇಂಥವು. ಪುಸ್ತಕದಲ್ಲಿ "ಆರೋಪಿಯ ಸಮಕ್ಷಮದಲ್ಲಿ" ಎಂದಷ್ಟೇ ಇರುತ್ತದೆ.

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಂಚದಿಂದ ಎದ್ದು ತಲೆಯ ಟವೆಲ್ ಬಿಚ್ಚಿ ಗೂಟಕ್ಕೆ ಹಾಕಿದರು. "ಮೊದಲು ಟೋಪಿ ತೆಗೆಸುತ್ತಾರೆ. ಆಮೇಲೆ ಬೆಲ್ಟು. ಈ ಕಡೆ ಒಬ್ಬ, ಆ ಕಡೆ ಒಬ್ಬ. ನಡಿಗೆ ಓಡಿದ ಹಾಗೆ ಇರುತ್ತದೆ, ಎಡ ಬಲ ಎಡ ಬಲ. ಸಾಹೇಬರ ಮೇಜಿನ ಮುಂದೆ ಥಮ್." ಪಡಸಾಲೆಯ ನಡುವೆ ಸಾವಧಾನದಲ್ಲಿ ನಿಂತರು. ಐವತ್ತೈದರ ಹತ್ತಿರದ, ಮಂಡಿ ನೋವಿನ ಮನುಷ್ಯ. ಹೆಬ್ಬೆರಳು ತಾನಾಗಿ ಪಂಚೆಯ ಅಂಚಿಗೆ ಹೋಗಿ ಕೂತಿತು, ಪ್ಯಾಂಟಿನ ಹೊಲಿಗೆ ಅಲ್ಲಿರಬೇಕಾಗಿತ್ತು ಎಂಬಂತೆ.

"ನಿಮಗೆ ಹೇಗೆ ಇಷ್ಟು ಸರಿಯಾಗಿ ಗೊತ್ತು, ಮಾಮಾ?"

"ನಾನು ನಿಂತಿದ್ದೆನಲ್ಲ ಅವ್ವಾ. ನನ್ನ ಷೀಟಿನಲ್ಲಿ ಒಂದು ಕೆಂಪು ಶಾಯಿ ಇದೆ."

ಸೇನೆಯಲ್ಲಿ ದೊಡ್ಡ ಶಿಕ್ಷೆಗಳನ್ನು ನಡತೆಯ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಇದನ್ನು ನಾನು ಓದಿದ್ದೆ. ನಾಲ್ಕು ಕೆಂಪು ದಾಖಲೆಗಳಾದ ಮಾತ್ರಕ್ಕೆ ಸೈನಿಕನನ್ನು ಯಾಂತ್ರಿಕವಾಗಿ ಮನೆಗೆ ಕಳಿಸುವಂತಿಲ್ಲ, ವಿಚಾರಿಸಬೇಕು ಎಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದೆ. ಅಂಥ ಒಂದು ಸಾಲು ನಮ್ಮ ಮನೆಯಲ್ಲೇ ಇದೆ ಎಂದು ಯಾರೂ ಹೇಳಿರಲಿಲ್ಲ.

1996ರ ಮಳೆಗಾಲ. ಮಾಮಾ ಆಗ ಸಿಪಾಯಿ, ರಜೆಯ ಮೇಲೆ ಬಂದಿದ್ದರು. ನಾನು ಕಣ್ಣಿಂದ ನೋಡದ ನನ್ನ ಅಜ್ಜಿ ಹಾಸಿಗೆ ಹಿಡಿದಿದ್ದಳು. ರಜೆ ಮುಗಿಯಲು ಎರಡು ದಿನ ಇರುವಾಗ ಮಾಮಾ ಬೈಲಹೊಂಗಲಕ್ಕೆ ಹೋಗಿ ಘಟಕಕ್ಕೆ ತಂತಿ ಕಳಿಸಿದರು: ತಾಯಿಗೆ ಸೀರಿಯಸ್, ರಜೆ ವಿಸ್ತರಿಸಿ. ಉತ್ತರ ಬರಲಿಲ್ಲ. ಹೊರಡಬೇಕಾದ ದಿನದಿಂದ ಮೂರನೆಯ ದಿನಕ್ಕೆ ಅಜ್ಜಿ ತೀರಿಕೊಂಡಳು. ಮೂರು ದಿನದ ಕಾರ್ಯ ಮುಗಿಸಿ ಮಾಮಾ ರೈಲು ಹತ್ತಿದರು. ಒಟ್ಟು ಆರು ದಿನ ತಡ.

"ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು" ಎಂದು ಕಾಯ್ದೆ ಹೇಳುತ್ತದೆ. ಇದಕ್ಕಿಂತ ಸಾಕಷ್ಟು ಕಾರಣ ಯಾವುದಿದೆ? ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ. ಕಮಾಂಡಿಂಗ್ ಆಫೀಸರ್ ಆರೋಪವನ್ನು ಕೇಳುವಾಗ, ಸಾಕ್ಷಿಗಳನ್ನು ಪ್ರಶ್ನಿಸಲು, ತನ್ನ ಪರವಾಗಿ ಬೇಕಾದ ಹೇಳಿಕೆ ಕೊಡಲು ಆರೋಪಿಗೆ ಪೂರ್ಣ ಸ್ವಾತಂತ್ರ್ಯವಿದೆ. ಅದನ್ನೇ ಕೇಳಿದೆ.

"ಏನಾದರೂ ಹೇಳುವುದಿದೆಯೇ ಎಂದು ಸಾಹೇಬರು ಕೇಳಲಿಲ್ಲವೇ?"

"ಕೇಳಿದರು. ಕುಛ್ ಕಹನಾ ಹೈ ಎಂದರು. ನಹೀ ಸಾಬ್ ಎಂದೆ."

"ಅಜ್ಜಿಯ ವಿಷಯ?"

"ಹೇಳಲಿಲ್ಲ."

"ತಂತಿ ಕಳಿಸಿದ್ದಿರಲ್ಲ!"

"ರಸೀದಿ ಅಂಗಿಯ ಕಿಸೆಯಲ್ಲೇ ಇತ್ತು." ಮಾಮಾ ಎಡ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. "ಟೋಪಿ, ಬೆಲ್ಟು ಇಲ್ಲದೆ ಅಷ್ಟು ಜನರ ಮುಂದೆ ನಿಂತಿದ್ದೆ. ಅವ್ವ ಸತ್ತಳು ಎಂದು ಬಾಯಿ ಬಿಟ್ಟರೆ ಅಳು ಬಂದುಬಿಡುತ್ತಿತ್ತು. ಅಲ್ಲಿ ಅಳಬಾರದು ಅನಿಸಿತು. ಸಾಹೇಬರು ಕೆಟ್ಟವರಲ್ಲ. ಹೇಳಿದ್ದರೆ ಬಿಡುತ್ತಿದ್ದರೋ ಏನೋ."

ಏಳು ದಿನ ಕಠಿಣ ಸೆರೆ. ಅದನ್ನು ಮಾಮಾ ಕ್ವಾರ್ಟರ್ ಗಾರ್ಡಿನಲ್ಲಿ ಕಳೆದರು.

ಟ್ರಂಕಿನ ಬೀಗ ತೆಗೆದು, ನಿವೃತ್ತಿಯ ಪುಸ್ತಕದ ರಟ್ಟಿನ ಒಳಗಿನಿಂದ ಒಂದು ಚೀಟಿಯನ್ನು ಈಚೆಗೆಳೆದರು. ಅಂಗೈಯಗಲದ, ಹಳದಿಗಟ್ಟಿದ ತೆಳು ಕಾಗದ. ನಾಲ್ಕು ಮಡಿಕೆಯ ಗೆರೆ ಕೂಡುವಲ್ಲಿ ಸಣ್ಣ ತೂತು. ಅಂಚೆಯ ದುಂಡು ಮೊಹರು ಅರ್ಧ ಮಾತ್ರ ಬಿದ್ದಿದೆ. ಬೆವರಿಗೋ ಮಳೆಗೋ ಶಾಯಿ ಹರಡಿ ನೇರಳೆ ಕಲೆಯಾಗಿದೆ. ಹಣದ ಮೊತ್ತ ಓದಲಾಗುವುದಿಲ್ಲ. ತಂತಿ ಸೇವೆಯೇ 2013ರಲ್ಲಿ ನಿಂತುಹೋಯಿತು. ಸಾಕ್ಷ್ಯ ಕಾನೂನಿನ ಎರಡು ಪತ್ರಿಕೆಗಳನ್ನು ಬರೆದು ಪಾಸಾದವಳು ನಾನು. ದಾಖಲೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದ್ದು ಅಂದೇ ಮೊದಲು.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಕಡಲೆ ಸೊಪ್ಪು ಬಿಡಿಸುತ್ತಿದ್ದಳು. ಯಾವಾಗಲೋ ಅವಳ ಕೈ ನಿಂತಿತ್ತು.

"ಅಣ್ಣಾ, ಇಪ್ಪತ್ತೊಂಬತ್ತು ವರ್ಷ ಒಬ್ಬರಿಗೂ ಹೇಳಲಿಲ್ಲವಲ್ಲ."

"ಹೇಳಿ ಏನು ಮಾಡುವುದಿತ್ತು?"

"ನಾನೇ ನಿನ್ನನ್ನು ನಿಲ್ಲಿಸಿದ್ದು. ಅವ್ವನ ಮೂರು ದಿನ ಮುಗಿಸಿಯೇ ಹೋಗು ಎಂದು ಕೈ ಹಿಡಿದು ಕೂಡಿಸಿದ್ದೆ."

ಮಾಮಾ ಚೀಟಿಯನ್ನು ಅದೇ ಮಡಿಕೆಗಳಲ್ಲಿ ಮಡಚಿದರು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಲೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕಕ್ಷಿದಾರರ ಕಾಗದಗಳ ಚಿತ್ರ ತೆಗೆಯಬಾರದು, ಕಚೇರಿಯಲ್ಲಿ ಓದಿದ್ದನ್ನು ಕಚೇರಿಯಲ್ಲೇ ಬಿಟ್ಟು ಹೋಗಬೇಕು ಎಂದು ಕರ್ನಲ್ ಮೊದಲ ಫೋನಿನಲ್ಲೇ ಹೇಳಿದ್ದರು. ಅದು ಗೌಪ್ಯತೆಯ ನಿಯಮ ಎಂದಷ್ಟೇ ಅಂದುಕೊಂಡಿದ್ದೆ. ಮನುಷ್ಯನ ಮುಂದೆ ಕೂತಾಗ ಅದು ಮರ್ಯಾದೆಯೂ ಹೌದು ಅನಿಸಿತು. ಈ ಬರಹವನ್ನು ಮಾಮಾಗೆ ಪೂರ್ತಿ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಪ್ರಕಟಣೆಗೆ ಕೊಡುತ್ತಿದ್ದೇನೆ.

ಧಾರವಾಡಕ್ಕೆ ಮರಳಿ ಬರುವಾಗ ಬಸ್ಸಿನಲ್ಲಿ ಅವ್ವ ಬೆರಳು ಮಡಚುತ್ತಾ ಆ ಆರು ದಿನಗಳನ್ನು ಲೆಕ್ಕ ಹಾಕಿದಳು. ಮೊದಲ ದಿನ ಅಣ್ಣ ಅವ್ವನಿಗೆ ಗಂಜಿ ಕುಡಿಸಿದ್ದ. ಎರಡನೆಯ ದಿನ ಡಾಕ್ಟರನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಬಂದಿದ್ದ. ಮೂರನೆಯ ದಿನಕ್ಕೆ ಬಂದು ಸುಮ್ಮನಾಗಿ ಕಿಟಕಿಯ ಕಡೆ ತಿರುಗಿದಳು.

ಆ ವಾರ ನೋಟ್‌ಬುಕ್ಕನ್ನು ಬೇರೆ ರೀತಿಯಲ್ಲಿ ತುಂಬಿದೆ. ಬಲಗಡೆಯ ಪುಟದಲ್ಲಿ ನಿಯಮ, ಎಡಗಡೆಯ ಪುಟದಲ್ಲಿ ಆ ನಿಯಮದ ಎದುರು ನಿಂತವನನ್ನು ಕೇಳಬೇಕಾದ ಪ್ರಶ್ನೆಗಳು. ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ ಆರೋಪಿ ತಪ್ಪೊಪ್ಪಿಕೊಂಡರೆ, ಅದರ ಅರ್ಥವನ್ನೂ ಪರಿಣಾಮವನ್ನೂ ಆತ ತಿಳಿದುಕೊಂಡಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ 115ನೆಯ ನಿಯಮ. ಅದರ ಎದುರಿಗೆ ಬರೆದೆ: ಯಾವ ಭಾಷೆಯಲ್ಲಿ ಕೇಳಿದರು? ಕೋಣೆಯಲ್ಲಿ ಎಷ್ಟು ಜನ ಇದ್ದರು? ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ? ಕಿಸೆಯಲ್ಲಿ ಏನಿತ್ತು?

ರಣಜಿತ್ ಠಾಕೂರ್ ಪುಟವನ್ನೂ ಮತ್ತೆ ಬರೆದೆ. ಈ ಸಲ ಕಾಗದ ಬರೆಯಲು ಕುಳಿತ ಸಿಗ್ನಲ್‌ಮನ್‌ನಿಂದ ಆರಂಭಿಸಿದೆ. ದೂರು ಕೊಡುವುದಕ್ಕೆ ಒಂದು ಕ್ರಮವಿದೆ ಎಂದು ಗೊತ್ತಿದ್ದೂ, ಆ ಕ್ರಮ ಯಾರ ಮೂಲಕ ಹಾದುಹೋಗುತ್ತದೋ ಅವರ ಮೇಲೆಯೇ ದೂರಿರುವಾಗ ಒಬ್ಬನು ಏನು ಮಾಡಬಹುದು ಎಂಬಲ್ಲಿಂದ. ಆಮೇಲೆ ಸೆರೆಯ ಕೋಣೆ, ಊಟದ ತಟ್ಟೆ. ಆಮೇಲೆ ವಿಚಾರಣೆಗೆ ಕುಳಿತವರಲ್ಲಿ ಗುರುತಿನ ಆ ಮುಖ.

ಹೊರಡುವ ದಿನ ಸಂಜೆ ಬಟ್ಟೆ ತುಂಬಿಕೊಂಡೆ. ಎರಡು ಬಿಳಿ ಚೂಡಿದಾರ್, ಕಪ್ಪು ಬೂಟು, ಗುರುತಿನ ಚೀಟಿಯ ಪ್ರತಿಗಳು, ಕಾಯ್ದೆಯ ಪುಸ್ತಕ. ಆಮೇಲೆ ಮಾಮಾಗೆ ಫೋನ್ ಮಾಡಿ ಇಡೀ ಪುಟವನ್ನು ಕನ್ನಡದಲ್ಲಿ ಹೇಳಿದೆ. ಮಧ್ಯದಲ್ಲಿ ಒಮ್ಮೆಯೂ ಅವರು ಮಾತಾಡಲಿಲ್ಲ. ಹಿಂದೆ ಎಮ್ಮೆಯ ಕೊರಳ ಗಂಟೆ ಕೇಳುತ್ತಿತ್ತು. ಮುಗಿದ ಮೇಲೆ ಕೇಳಿದರು:

"ಆ ಹುಡುಗ ಊಟ ಯಾಕೆ ಬೇಡ ಎಂದನಂತೆ?"

ನಾನು ಬರೆದ ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹತ್ತು ಸಲ ಓದಿದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಫೋನ್ ಇಟ್ಟ ಮೇಲೆ ಚೀಲದಿಂದ ಫೈಲನ್ನು ಮತ್ತೆ ತೆಗೆದೆ. ಮುದ್ರಿಸಿದ ಪುಟದ ಅಡಿಯಲ್ಲಿ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಮಾಮಾ ಕೇಳಿದ್ದನ್ನು ಅವರ ಮಾತಿನಲ್ಲೇ, ಕನ್ನಡದಲ್ಲೇ, ಪೆನ್ನಿನಿಂದ ಅಲ್ಲಿ ಬರೆದು, ರೈಲು ಹಿಡಿಯಲು ಹೊರಟೆ.