ಚಳಿಗಾಲಕ್ಕೆ ಮುಂಚೆ ಬಾ

ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆ ಹೊರಟ ಬೈಬಲಿನ ಅಬ್ರಹಾಮನ ನಂಬಿಕೆ ಒಂದು ಬಗೆಯದಾದರೆ, ಎಲ್ಲಿಗೆ ಹೋಗುತ್ತಿದ್ದೇನೆಂದು ಚೆನ್ನಾಗಿ ತಿಳಿದೇ ಹೊರಟ ಜರ್ಮನಿಯ ಸಭಾಪಾಲಕ ಡೀಟ್ರಿಷ್ ಬಾನ್‌ಹಾಫರ್ ಅವರ ನಂಬಿಕೆ ಇನ್ನೊಂದು ಬಗೆಯದು, ಮತ್ತು ನನ್ನನ್ನು ಹೆಚ್ಚು ಕಾಡುವುದು ಇದೇ.

ಕ್ರೈಸ್ತ ಸಭೆಯು ಯೇಸು ಕ್ರಿಸ್ತನೊಬ್ಬನಿಗೇ ಅಧೀನ, ನಾಜಿ ಸರ್ಕಾರಕ್ಕಲ್ಲ ಎಂದು ಜರ್ಮನಿಯ ಕ್ರೈಸ್ತರ ಒಂದು ಗುಂಪು ಹೊರಡಿಸಿದ 1934ರ ಬಾರ್ಮೆನ್ ಘೋಷಣೆ ಸಾರಿತ್ತು. ಆ ನಿಲುವಿನಲ್ಲಿ ಬಾನ್‌ಹಾಫರ್ ಫಿಂಕೆನ್‌ವಾಲ್ಡೆಯಲ್ಲಿ ನಡೆಸುತ್ತಿದ್ದ ದೈವಜ್ಞಾನ ಶಾಲೆಯನ್ನು ನಾಜಿ ಪೊಲೀಸರು 1937ರಲ್ಲಿ ಮುಚ್ಚಿಸಿದರು. 1939ರ ಜೂನ್‌ನಲ್ಲಿ ಗೆಳೆಯರ ನೆರವಿನಿಂದ ನ್ಯೂಯಾರ್ಕ್ ತಲುಪಿದಾಗ ಅವರು ಸುರಕ್ಷಿತರಾಗಿದ್ದರು; ಆದರೆ ನೆಮ್ಮದಿ ಇರಲಿಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನು ತನ್ನ ಗೆಳೆಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ, ಚಳಿಗಾಲಕ್ಕೆ ಮುಂಚೆ ಬಾ ಎಂಬ ಮಾತು ಒಂದು ದಿನ ಓದಿನಲ್ಲಿ ಎದುರಾಗಿ, ದಿನವಿಡೀ ಅವರನ್ನು ಬಿಡಲಿಲ್ಲ. ಗೆಳೆಯನನ್ನು ಕರೆಯುವ ಇಷ್ಟು ಸಾಮಾನ್ಯವಾದ ಮಾತನ್ನು ನಾನು ಎಷ್ಟೋ ಸಲ ಓದಿ ದಾಟಿಹೋಗಿದ್ದೇನೆ. ತನ್ನ ಜನರ ಕಷ್ಟದಲ್ಲಿ ಈಗ ಪಾಲುಗೊಳ್ಳದಿದ್ದರೆ, ಯುದ್ಧಾನಂತರ ಅವರ ಕ್ರೈಸ್ತ ಜೀವನವನ್ನು ಕಟ್ಟುವ ಹಕ್ಕು ತನಗಿರದು ಎಂದು ಬರೆದು, ಜುಲೈನಲ್ಲಿ ಬಾನ್‌ಹಾಫರ್ ಜರ್ಮನಿಗೆ ಮರಳಲು ಹಡಗು ಹತ್ತಿದರು.

1943ರ ಏಪ್ರಿಲ್‌ನಲ್ಲಿ ನಾಜಿಗಳು ಅವರನ್ನು ಬಂಧಿಸಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ.

ನಾನು ಅಂಥ ಪರೀಕ್ಷೆಯನ್ನು ಕಂಡವನಲ್ಲ. ಆದರೂ ಸತ್ಯ ಹೇಳಬೇಕಾದ ಕಡೆ ಸುಮ್ಮನಿದ್ದು ಮನೆಗೆ ಬಂದ ಸಂಜೆಗಳಲ್ಲಿ, ಆ ಪತ್ರದ ಕೊನೆಯ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದುತ್ತೇನೆ.