ಚೌಕದ ದರಕನ್ನು ನಾನೇ ಗುಡಿಸಿಸಿದೆ

ನಮ್ಮದು ಶಿರಸಿ ಹತ್ತಿರದ ಸಣ್ಣ ಶಾಲೆ. ಬಿಸಿಯೂಟದ ಕೋಣೆ ಹಿಂದೆ ಗೂಟ ಹೊಡೆದು, ದಾರ ಕಟ್ಟಿ, ಒಂದೊಂದು ಮೀಟರಿನ ನಾಲ್ಕು ಚೌಕ ಮಾಡಿದ್ದೇವೆ. ಪ್ರತಿ ಶನಿವಾರ ಏಳನೇ ತರಗತಿಯವರು ಅಲ್ಲಿ ಕೂತು ಹುಳ ಎಣಿಸುತ್ತಾರೆ. ಎರೆಹುಳು, ಗೆದ್ದಲು, ಚೋರಟೆ (ಸಹಸ್ರಪದಿ), ಜರಿ. ಜರಿಯ ಮೈಯ ಒಂದೊಂದು ಗೆಣ್ಣಿಗೆ ಒಂದು ಜೊತೆ ಕಾಲು, ಚೋರಟೆಗೆ ಹೆಚ್ಚಿನ ಗೆಣ್ಣುಗಳಲ್ಲಿ ಎರಡು ಜೊತೆ. ಅದನ್ನು ನಾನು ಹೇಳಿಕೊಟ್ಟಿದ್ದಲ್ಲ, ಭೂತಗನ್ನಡಿ ಹಿಡಿದು ಅವರೇ ನೋಡಿಕೊಂಡರು.

ನವೆಂಬರಿನಲ್ಲಿ ಶಾಲೆ ನೋಡಲು ಅಧಿಕಾರಿಗಳ ವಿಸಿಟ್ ಇದೆ ಅಂತ ಫೋನ್ ಬಂತು. ಬರುವವರ ಫಾರ್ಮಿನಲ್ಲಿ ಆವರಣದ ಸ್ವಚ್ಛತೆಗೆ ಕಾಲಂ ಇದೆ. ದರಕಿನ, ಅಂದರೆ ಉದುರಿದ ಒಣ ಎಲೆಗಳ, ಅಡಿ ಏನಿದೆ ಅನ್ನುವುದಕ್ಕೆ ಇಲ್ಲ. ಎರಡು ದಿನ ಮೊದಲೇ ಅಂಗಳವೆಲ್ಲ ಗುಡಿಸಿಸಿದೆ. "ಅಕ್ಕೋರೇ, ಚೌಕದ ಒಳಗಿಂದೂ ತೆಗೀಬೇಕಾ?" ಅಂತ ಒಬ್ಬ ಹುಡುಗಿ ಎರಡು ಸಲ ಕೇಳಿದಳು. ಹೌದು ಅಂದೆ. ಒಂದು ಎಕರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದೇ 9 ಎಕರೆ ತನಕ ಸೊಪ್ಪಿನ ಬೆಟ್ಟ ಇಟ್ಟುಕೊಂಡ ಸೀಮೆ ಇದು. ದರಕು ಏನು ಅಂತ ನನಗೆ ಗೊತ್ತಿರಲಿಲ್ಲವಾ?

ಬಂದವರು ಚೌಕದ ಪಕ್ಕ ನಿಂತರು. ಮಕ್ಕಳು ತಟ್ಟೆ, ಚಮಚ ಹಿಡಿದು ಕೂತರು. ಬಿಸಿಲಿಗೆ ಕೆಂಪು ಮಣ್ಣು ಗಟ್ಟಿಯಾಗಿತ್ತು, ಚಮಚ ಕೆರೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಐದು ನಿಮಿಷ. ಹತ್ತು ನಿಮಿಷ. ಸಿಕ್ಕಿದ್ದು ಎರಡು ಇರುವೆ. ಪಟ್ಟಿ ಬರೆಯುವ ಹುಡುಗ ಎರೆಹುಳುವಿನ ಮುಂದೆ ಸೊನ್ನೆ ಹಾಕಿ ನನ್ನ ಮುಖ ನೋಡಿದ.

"ಮಕ್ಕಳಿಗೆ ಹುಡುಕೋದು ಸರಿಯಾಗಿ ಕಲಿಸಿಲ್ಲ ಅನ್ಸುತ್ತೆ" ಅಂದರು ಅವರು.

ಹುಡುಕಲು ಅವರಿಗೆ ಚೆನ್ನಾಗಿ ಬರುತ್ತಿತ್ತು. ದರಕು ತೆಗೆಸಿದ್ದು ನಾನು ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎಚ್‌ಎಂ ಪಕ್ಕದಲ್ಲೇ ಇದ್ದರು, ಬಾಯಿ ಬರಲಿಲ್ಲ. ವಿಸಿಟ್ ಬುಕ್ಕಿನಲ್ಲಿ ಆ ಮಾತು ಹಾಗೇ ಉಳಿದಿದೆ. ಅದು ಇವತ್ತಿಗೂ ಚುಚ್ಚುತ್ತದೆ.

ಊಟದ ನಂತರ ಮಕ್ಕಳ ಹತ್ತಿರ ತಪ್ಪು ನನ್ನದು ಅಂದೆ. ಬಾವಿಕಟ್ಟೆ ಪಕ್ಕ ಸುರಿದಿದ್ದ ರಾಶಿಗೆ ಕೈ ಹಾಕಿದೆವು. ಮೇಲೆ ಗರಿಗರಿ, ಅಡಿಯಲ್ಲಿ ಇನ್ನೂ ಒದ್ದೆ. ಆ ಹುಡುಗಿಯ ಅಂಗೈಯಲ್ಲಿ ಒಂದು ಚೋರಟೆ ಚಕ್ಕುಲಿ ಹಾಗೆ ಸುತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಮೆಲ್ಲ ಬಿಚ್ಚಿಕೊಂಡು ಬೆರಳಿನ ಸಂದಿಯಲ್ಲಿ ನಡೆಯಿತು. ಕೈ ಮೇಲೆ ಕಂದು ಕಲೆ, ಘಾಟು ವಾಸನೆ.

ದರಕನ್ನು ಮೂರು ಚೌಕಕ್ಕೆ ವಾಪಸ್ ಹೊದೆಸಿದೆವು. ನಾಲ್ಕನೆಯದು ಬೋಳಾಗಿಯೇ ಇರಲಿ, ಹೋಲಿಸಿ ನೋಡೋಣ ಅಂತ ಮಕ್ಕಳೇ ಹೇಳಿದರು. ಈಗ ಪಟ್ಟಿಗೆ ಎರಡು ಕಾಲಂ.